ಗಡಿಗೆ ನೀರಿನಲ್ಲಿ ಲ್ಯೂಕಸ್ ಟೆಸ್ಟ್

ಆಲ್ಕೋಹಾಲ್‌ನಲ್ಲಿ ಮೂರು ಬಗೆ. ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಕೂತ ಕಾರ್ಬನ್ನಿಗೆ ಬೇರೆ ಕಾರ್ಬನ್ ಒಂದು ಅಂಟಿದ್ದರೆ ಪ್ರೈಮರಿ, ಎರಡಿದ್ದರೆ ಸೆಕೆಂಡರಿ, ಮೂರಿದ್ದರೆ ಟರ್ಷಿಯರಿ. ಯಾವ ಬಗೆ ಅಂತ ಗುರುತಿಸುವುದಕ್ಕೆ ಲ್ಯೂಕಸ್ ಟೆಸ್ಟ್: ಟ್ಯೂಬ್ ಎಷ್ಟು ಬೇಗ ಬೆಳ್ಳಗಾಗುತ್ತದೆ ಅಂತ ನೋಡುವುದು. ‘ಕೋಣೆಯ ಉಷ್ಣತೆಯಲ್ಲಿ ಐದರಿಂದ ಹತ್ತು ನಿಮಿಷ ಕಾಯಿರಿ’ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಯಾರ ಕೋಣೆ? ರಾಯಚೂರಿನ ಮೇ ತಿಂಗಳ ಕೋಣೆಯಂತೂ ಅಲ್ಲ.

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವನು. ಒಂದು ಬೇಸಿಗೆಯಲ್ಲಿ ಕೆಲವು ಹುಡುಗರಿಗೆ ಲ್ಯಾಬ್ ಮತ್ತೆ ಮಾಡಿಸಬೇಕಾಯಿತು. ಅವತ್ತು ಕರೆಂಟ್ ಬೇರೆ ಇರಲಿಲ್ಲ. ಥರ್ಮಾಮೀಟರ್ 41 ತೋರಿಸುತ್ತಿತ್ತು. ನಾನು ಕೊಟ್ಟಿದ್ದು 2-ಬ್ಯೂಟನಾಲ್, ಅಂದರೆ ಸೆಕೆಂಡರಿ ಆಲ್ಕೋಹಾಲ್. ಹುಡುಗ ಟ್ಯೂಬ್ ಎತ್ತಿ ಹಿಡಿದ. “ಸರ, ಆಗ್ಲೇ ಬೆಳ್ಳಗಾತ್ರಿ. ಟರ್ಷಿಯರಿ ಅಂತ ಬರೀಲೇನ್ರಿ?” ಎರಡು ನಿಮಿಷವೂ ಆಗಿರಲಿಲ್ಲ.

ಅವನ ತಪ್ಪೇನೂ ಇಲ್ಲ. ಲ್ಯೂಕಸ್ ಟೆಸ್ಟ್‌ನಲ್ಲಿ ನಾವು ಅಳೆಯುವುದೇ ವೇಗವನ್ನು. ನೀರಿನಂಶವಿಲ್ಲದ ಜಿಂಕ್ ಕ್ಲೋರೈಡನ್ನು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಲ್ಯೂಕಸ್ ದ್ರಾವಣ. 2 ಎಂಎಲ್ ದ್ರಾವಣಕ್ಕೆ ಐದಾರು ಹನಿ ಆಲ್ಕೋಹಾಲ್ ಹಾಕಿ ಅಲ್ಲಾಡಿಸಬೇಕು. ಆಲ್ಕೋಹಾಲಿನ ಓಎಚ್ ಹೋಗಿ ಕ್ಲೋರಿನ್ ಕೂರುತ್ತದೆ. ಹುಟ್ಟಿದ ಕ್ಲೋರೈಡ್ ಅದರಲ್ಲಿ ಕರಗದೆ ಅಕ್ಕಿ ತೊಳೆದ ನೀರಿನ ಹಾಗೆ ಕಾಣುತ್ತದೆ. ಟರ್ಷಿಯರಿ ಆದರೆ ತಕ್ಷಣ, ಸೆಕೆಂಡರಿ ಆದರೆ ಕೆಲವು ನಿಮಿಷಕ್ಕೆ. ಪ್ರೈಮರಿ ಹಾಗೇ ತಿಳಿಯಾಗಿ ಕೂತಿರುತ್ತದೆ. ಬಿಸಿ ಜಾಸ್ತಿಯಾದರೆ ವೇಗವೂ ಜಾಸ್ತಿ. ಲ್ಯೂಕಸ್ ಸಾಹೇಬರು 1930ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೂತು ಈ ಟೆಸ್ಟ್ ಪ್ರಕಟಿಸುವಾಗ ನಮ್ಮ ಬಿಸಿಲು ಅವರ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಪಕ್ಕದ ಹುಡುಗಿಯದು ಉಲ್ಟಾ ಕಥೆ. ಅವಳಿಗೆ ಸಿಕ್ಕಿದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಸ್ಯಾನಿಟೈಸರ್‌ಗೆ ಹಾಕ್ತಾರಲ್ಲ, ಅದೇ. ಅದೂ ಸೆಕೆಂಡರಿಯೇ. ಆದರೆ ಟ್ಯೂಬ್ ಬೆಳ್ಳಗಾಗಲೇ ಇಲ್ಲ, ಅವಳು ಪ್ರೈಮರಿ ಅಂತ ಬರೆದಳು. ನನಗೂ ಸ್ವಲ್ಪ ಹೊತ್ತು ತಲೆ ಓಡಲಿಲ್ಲ. ಆಮೇಲೆ ಹೊಳೆಯಿತು. ಐಸೊಪ್ರೊಪೈಲ್ ಕ್ಲೋರೈಡ್ ಕುದಿಯುವುದೇ ಸುಮಾರು 36 ಡಿಗ್ರಿಗೆ. ನಮ್ಮ ಲ್ಯಾಬ್ 41ರಲ್ಲಿದೆ. ಹುಟ್ಟಿದ್ದು ಹುಟ್ಟಿದ ಹಾಗೇ ಆವಿಯಾಗಿ ಹಾರಿಹೋಗಿತ್ತು.

ಇಬ್ಬರಿಗೂ ಡೈಕ್ರೋಮೇಟ್ ಅನ್ನುವ ಕಿತ್ತಳೆ ಬಣ್ಣದ ದ್ರಾವಣದ ಟೆಸ್ಟ್ ಮಾಡಿಸಿದೆ. ಇದಕ್ಕೆ ಗಡಿಯಾರ ಬೇಕಿಲ್ಲ, ಬಣ್ಣ ನೋಡಿದರೆ ಸಾಕು. ಪ್ರೈಮರಿ, ಸೆಕೆಂಡರಿ ಎರಡೂ ಕಿತ್ತಳೆ ಬಣ್ಣವನ್ನು ಹಸಿರು ಮಾಡುತ್ತವೆ, ಟರ್ಷಿಯರಿ ಮಾಡುವುದಿಲ್ಲ. ಹುಡುಗನ ಟ್ಯೂಬ್ ಹಸಿರಾಯಿತು, ಟರ್ಷಿಯರಿ ಅಲ್ಲ ಅಂತ ಅವನೇ ಹೊಡೆದು ಹಾಕಿದ. ಹುಡುಗಿಯದೂ ಹಸಿರಾಯಿತು, ಆದರೆ ಅವಳ ಜಗಳ ಅದರಿಂದ ತೀರುವಂಥದ್ದಲ್ಲ. ಅಯೊಡಿನ್ ಹಾಕಿ ಮಾಡುವ ಅಯೊಡೋಫಾರ್ಮ್ ಟೆಸ್ಟ್ ಮಾಡಿಸಿದೆ, ಹಳದಿ ಪುಡಿ ಕೆಳಗೆ ಕೂತು ಆಸ್ಪತ್ರೆ ವಾಸನೆ ಬಂತು. ಪ್ರೈಮರಿಗಳಲ್ಲಿ ಹೀಗೆ ಮಾಡುವುದು ಎಥನಾಲ್ ಒಂದೇ. ಹಾಗಾಗಿ ಅವಳ ಮುಂದೆ ಉಳಿದಿದ್ದು, ಎಥನಾಲೋ ಸೆಕೆಂಡರಿಯೋ ಅನ್ನುವ ಪ್ರಶ್ನೆ.

ಅದನ್ನು ಬಿಡಿಸಲು ಮತ್ತೆ ಲ್ಯೂಕಸ್‌ಗೇ ಬರಬೇಕು. ಆಗ ಕಣ್ಣಿಗೆ ಬಿದ್ದಿದ್ದು ಮೂಲೆಯಲ್ಲಿದ್ದ ಕುಡಿಯೋ ನೀರಿನ ಗಡಿಗೆ. ನಮ್ಮ ಒಣ ಗಾಳಿಗೆ ಗಡಿಗೆ ಚೆನ್ನಾಗಿ ತಣ್ಣಗಾಗುತ್ತದೆ. ಬೋಗುಣಿಗೆ ನೀರು ಸುರಿದು ಅಳೆದರೆ 27. ಲ್ಯೂಕಸ್ ದ್ರಾವಣದ ಟ್ಯೂಬನ್ನು ಹತ್ತು ನಿಮಿಷ ಅದರಲ್ಲಿ ನಿಲ್ಲಿಸಿ, ಆಮೇಲೆ ಆಲ್ಕೋಹಾಲ್ ಹಾಕಿಸಿದೆ. ಟ್ಯೂಬಿನ ಬಾಯಿಗೆ ಬೂಚು. ಈ ಸಲ ಐಸೊಪ್ರೊಪೈಲ್ ಆರೇಳು ನಿಮಿಷಕ್ಕೆ ಮೆಲ್ಲಗೆ ಮಸುಕಾಯಿತು. 2-ಬ್ಯೂಟನಾಲ್ ಕೂಡ ಪುಸ್ತಕದ ಮಾತು ಕೇಳಿತು.

ಒಂದು ಟ್ಯೂಬ್ ಮಾತ್ರ ಹಟ ಹಿಡಿದಿತ್ತು. ಟರ್ಷಿಯರಿ ಬ್ಯೂಟನಾಲ್ ಹಾಕಿದರೂ ಸುಮ್ನೆ ಇತ್ತು. ನೋಡಿದರೆ ಒಳಗೆ ತೊಳೆದ ನೀರು ನಿಂತಿತ್ತು. ನೀರು ಬೆರೆತರೆ ಲ್ಯೂಕಸ್ ದ್ರಾವಣಕ್ಕೆ ಶಕ್ತಿಯೇ ಇರುವುದಿಲ್ಲ. ಅವತ್ತಿನಿಂದ ಟ್ಯೂಬ್‌ಗಳನ್ನು ಬಿಸಿಲಿಗೆ ಬೋರಲು ಹಾಕುತ್ತೇವೆ. ಹತ್ತು ನಿಮಿಷಕ್ಕೆ ಒಣಗುತ್ತವೆ. ಬಿಸಿಲಿಂದ ಅಷ್ಟಾದರೂ ಲಾಭ ಬೇಡವಾ!

ಡಿಸೆಂಬರ್‌ನಲ್ಲಿ ತೊಂದರೆ ಬೇರೆ. ಅದೇ ಟರ್ಷಿಯರಿ ಬ್ಯೂಟನಾಲ್ ಸುಮಾರು 25 ಡಿಗ್ರಿಗೆಲ್ಲ ಗಟ್ಟಿಯಾಗುತ್ತದೆ. ಬೆಳಿಗ್ಗೆ ಅಟೆಂಡರ್ ಬಾಟಲಿ ಅಲ್ಲಾಡಿಸಿ, “ಸರ, ಇದು ಕೊಬ್ಬರಿ ಎಣ್ಣಿ ಆಗ್ಯದ್ರಿ” ಅಂದರು. ಉಗುರುಬೆಚ್ಚಗಿನ ನೀರಿನಲ್ಲಿ ಇಡಲು ಹೇಳಿದೆ. ಬೋಗುಣಿ ಮಾತ್ರ ಅದೇ.