ಪೆಟ್ರೋಲ್ ಬಿಲ್ಲಿಗಿಂತ ಮೈಲಿ ಪುಸ್ತಕ ಮುಖ್ಯ: ಇಂಗ್ಲೆಂಡ್‌ನ ಚೈಲ್ಡ್‌ಮೈಂಡರ್ ಗೆಳತಿಯರಿಗೆ

ಕಳೆದ ವಾರ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ದಾವಣಗೆರೆಯವಳು, ಈಗ ನನ್ನ ಹಾಗೆ ಮಿಲ್ಟನ್ ಕೀನ್ಸ್‌ನಲ್ಲೇ ಇದ್ದಾಳೆ. ಚೈಲ್ಡ್‌ಮೈಂಡರ್ ಆಗಿ, ಅಂದರೆ ಬೇರೆಯವರ ಮಕ್ಕಳನ್ನು ದುಡ್ಡಿಗೆ ತನ್ನ ಮನೆಯಲ್ಲೇ ನೋಡಿಕೊಳ್ಳುವವಳಾಗಿ, ಸರ್ಕಾರದ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್‌ನಲ್ಲಿ ರಿಜಿಸ್ಟರ್ ಮಾಡಿಸಿ ಆರು ತಿಂಗಳಾಯಿತು.

"ಅಕ್ಕ, ಪೆಟ್ರೋಲ್ ಬಿಲ್ಲೆಲ್ಲ ಒಂದು ಡಬ್ಬಿಗೆ ಹಾಕಿಟ್ಟಿದೀನಿ. ಟ್ಯಾಕ್ಸ್‌ಗೆ ಅಷ್ಟು ಸಾಕಲ್ವಾ?" ಎಂದಳು.

"ಬಿಲ್ಲು ಇರಲಿ. ಮೈಲಿ ಬರೆದಿಟ್ಟಿದ್ದೀಯಾ?" ಎಂದೆ. ಆ ಕಡೆಯಿಂದ ಮಾತೇ ಇಲ್ಲ.

ಈ ಕೆಲಸದ ನನ್ನ ಮೊದಲ ವರ್ಷ, ಅಂದರೆ 2021-22ರಲ್ಲಿ, ನಾನೂ ಒಂದು ಮೈಲಿ ಬರೆದಿರಲಿಲ್ಲ. ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು ನಮ್ಮ ಕೆಲಸ ತಾನೇ, ಅದಕ್ಕೆಂಥ ಖರ್ಚು ಅಂದುಕೊಂಡಿದ್ದೆ. ಅದು ಕೆಲಸವಾದ್ದರಿಂದಲೇ ಅದರ ಖರ್ಚನ್ನು ಲಾಭದಿಂದ ಕಳೆಯಬೇಕು. ಇದು ಯಾರೋ ಕೊಡುವ ದಾನವಲ್ಲ, ನಾವು ದುಡಿದ ದುಡ್ಡು.

ಲೆಕ್ಕ ಸುಲಭ. ಸ್ವಂತ ಉದ್ಯೋಗದವರು ಕಾರಿನ ಖರ್ಚನ್ನು ಮೈಲಿಗೆ ಇಷ್ಟು ಅಂತ ತೋರಿಸಬಹುದು. ನಾನು 2024-25ರ ಟ್ಯಾಕ್ಸ್ ರಿಟರ್ನ್‌ನಲ್ಲಿ ಹಾಕಿದ ದರ ಮೊದಲ 10,000 ಮೈಲಿಗೆ 45 ಪೆನ್ಸ್, ಅದರಾಚೆ 25 ಪೆನ್ಸ್. ಪೆಟ್ರೋಲ್ ಕಾರಾದರೂ ಎಲೆಕ್ಟ್ರಿಕ್ ಕಾರಾದರೂ ದರ ಒಂದೇ. ನಿಮ್ಮ ವರ್ಷದ ದರವನ್ನು ತೆರಿಗೆ ಇಲಾಖೆಯ, ಅಂದರೆ ಎಚ್‌ಎಂಆರ್‌ಸಿಯ, ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.

ನನ್ನದೇ ಲೆಕ್ಕ ಹೇಳುತ್ತೇನೆ. ಮನೆಯಿಂದ ಸ್ಕೂಲಿಗೆ 1.4 ಮೈಲಿ. ಬೆಳಿಗ್ಗೆ ಹೋಗಿ ಬರುವುದು, ಮಧ್ಯಾಹ್ನ ಹೋಗಿ ಬರುವುದು, ದಿನಕ್ಕೆ 5.6 ಮೈಲಿ. ಸ್ಕೂಲು 190 ದಿನ, ಒಟ್ಟು 1,064 ಮೈಲಿ. ಗುರುವಾರ ಚಿಕ್ಕ ಮಕ್ಕಳನ್ನು ಚರ್ಚ್ ಹಾಲ್‌ನ ಪ್ಲೇಗ್ರೂಪ್‌ಗೆ ಕರೆದೊಯ್ಯುತ್ತೇನೆ. ಹೋಗಿ ಬರಲು 6 ಮೈಲಿ, 38 ವಾರ, ಅಲ್ಲಿಗೆ 228. ಇಲ್ಲಿನ ಕೆರೆ ವಿಲ್ಲೆನ್ ಲೇಕ್‌ಗೆ 20 ಸಲ, ಪ್ರತಿ ಸಲ 8.4, ಅದು 168. ಎಲ್ಲ ಸೇರಿ 1,460 ಮೈಲಿ. 45 ಪೆನ್ಸ್‌ನಂತೆ 657 ಪೌಂಡ್. ಈ 657 ಪೌಂಡ್ ವಾಪಸ್ ಬರುವುದಿಲ್ಲ, ನನ್ನ ಲಾಭದಿಂದ ಕಳೆಯುತ್ತದೆ ಅಷ್ಟೇ. ನನ್ನ ಲಾಭ ಟ್ಯಾಕ್ಸ್ ಇಲ್ಲದ ಮಿತಿ 12,570 ಪೌಂಡನ್ನು ದಾಟಿತ್ತು. ಅದರ ಮೇಲಿನ ದುಡ್ಡಿಗೆ 20% ಟ್ಯಾಕ್ಸ್, ಜೊತೆಗೆ ಸ್ವಂತ ಉದ್ಯೋಗದವರು ಕಟ್ಟುವ ಕ್ಲಾಸ್ 4 ನ್ಯಾಷನಲ್ ಇನ್ಶೂರೆನ್ಸ್ 6%. ಹಾಗಾಗಿ ನನಗೆ ಉಳಿದದ್ದು ಸುಮಾರು 171 ಪೌಂಡ್. ಇಂಥ ಚಿಕ್ಕ ಚಿಕ್ಕ ಓಡಾಟದಿಂದ ಇಷ್ಟು!

ಈಗ ಎಲ್ಲರೂ ಎಡವುವ ಜಾಗ. ಆ 45 ಪೆನ್ಸ್‌ನಲ್ಲಿ ಪೆಟ್ರೋಲ್, ಇನ್ಶೂರೆನ್ಸ್, ಸರ್ವಿಸ್, ರಿಪೇರಿ, ವರ್ಷದ ಎಂಒಟಿ ತಪಾಸಣೆ, ರೋಡ್ ಟ್ಯಾಕ್ಸ್, ಕಾರಿನ ಸವೆತ ಎಲ್ಲವೂ ಬಂದವು. ಮೈಲಿಯೂ ಹಾಕಿ ಪೆಟ್ರೋಲ್ ಬಿಲ್ಲೂ ಹಾಕುವ ಹಾಗಿಲ್ಲ. ಒಬ್ಬರು ಅಕೌಂಟೆಂಟ್ ನನಗೆ "ಎರಡೂ ಹಾಕಿಬಿಡಿ" ಎಂದಿದ್ದರು. ಪುಣ್ಯಕ್ಕೆ ನಾನು ಒಪ್ಪಲಿಲ್ಲ. ರಿಟರ್ನ್ ಯಾರೇ ತುಂಬಲಿ, ಅದರಲ್ಲಿರುವುದಕ್ಕೆ ಜವಾಬ್ದಾರರು ನಾವೇ. ಆದರೆ ಪಾರ್ಕಿಂಗ್ ದುಡ್ಡನ್ನು ಬೇರೆಯಾಗಿ ತೋರಿಸಬಹುದು, ಹಾಗಾಗಿ ವಿಲ್ಲೆನ್ ಲೇಕ್‌ನ ಪಾರ್ಕಿಂಗ್ ರಸೀದಿಯನ್ನು ಇಟ್ಟುಕೊಳ್ಳುತ್ತೇನೆ. ದಂಡದ ಚೀಟಿಗೆ ಅವಕಾಶವಿಲ್ಲ. ಕೆಲಸಕ್ಕೆಂದೇ ಕೊಂಡ ಮಕ್ಕಳ ಕಾರ್ ಸೀಟು ಸಾಮಾನಿನ ಖರ್ಚು, ಅದೂ ಬೇರೆ.

ಯಾವ ಮೈಲಿ ಲೆಕ್ಕಕ್ಕೆ ಬರುತ್ತದೆ? ನಮ್ಮ ಕೆಲಸದ ಜಾಗ ಮನೆಯೇ. ಅಲ್ಲಿಂದ ನಾವು ನೋಡಿಕೊಳ್ಳುವ ಮಕ್ಕಳಿಗಾಗಿಯೇ ಹೊರಟರೆ ಬರುತ್ತದೆ. ಮಗುವನ್ನು ಬಿಟ್ಟು ಖಾಲಿ ಕಾರಿನಲ್ಲಿ ನೇರ ಮನೆಗೆ ಬಂದರೂ ಬರುತ್ತದೆ. ಮೂರು ವರ್ಷಕ್ಕೊಮ್ಮೆ ಮಾಡುವ ಪೀಡಿಯಾಟ್ರಿಕ್ ಫಸ್ಟ್ ಏಡ್ (ಮಕ್ಕಳ ಪ್ರಥಮ ಚಿಕಿತ್ಸೆ) ಕೋರ್ಸ್‌ಗೆ ಹೋಗಿ ಬಂದದ್ದೂ ಸೇರುತ್ತದೆ. ಆದರೆ ಮನೆಯ ದಿನಸಿ ತರುತ್ತಾ ಮಕ್ಕಳ ತಿಂಡಿಯನ್ನೂ ತಂದರೆ ಅದು ನಿಮ್ಮ ಶಾಪಿಂಗ್, ಬರೆಯಬೇಡಿ.

ನಮ್ಮದೇ ಮಗು ಅದೇ ಸ್ಕೂಲಿನಲ್ಲಿದ್ದರೆ? ಇದನ್ನು ತುಂಬಾ ಜನ ಕೇಳುತ್ತಾರೆ. ಖರ್ಚು ಪೂರ್ತಿಯಾಗಿ ಕೆಲಸಕ್ಕೇ ಆಗಿರಬೇಕು ಎನ್ನುವುದು ನಿಯಮ. ನನ್ನ ಮಗಳು ಆ ಪ್ರೈಮರಿ ಸ್ಕೂಲಿನಲ್ಲಿದ್ದಷ್ಟು ದಿನ ಬೆಳಗಿನ ಟ್ರಿಪ್ಪನ್ನು ನಾನು ಬರೆಯಲೇ ಇಲ್ಲ. ಅವಳನ್ನು ಹೇಗೂ ಬಿಡಬೇಕಿತ್ತಲ್ಲ. ಅವಳನ್ನು ಇಳಿಸಿ, ಇನ್ನೊಂದು ಮಗುವನ್ನು ಮುಂದಿನ ನರ್ಸರಿಗೆ ಬಿಡಲು ಓಡಿಸಿದ ಹೆಚ್ಚಿನ 1.8 ಮೈಲಿಯನ್ನು ಮಾತ್ರ ಬರೆದೆ. ಹೀಗೆ ಬಿಡಿಸಿ ತೋರಿಸಲು ಆದರೆ ಆ ಭಾಗ ಲೆಕ್ಕಕ್ಕೆ ಬರುತ್ತದೆ. ಹಿಂಜರಿಕೆ ಇದ್ದಲ್ಲಿ ಬಿಟ್ಟುಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ರಾತ್ರಿ ನಿದ್ದೆ ಬರುತ್ತದೆ.

ಬೇರೆ ದಾರಿಯೂ ಇದೆ. ಕಾರಿನ ನಿಜವಾದ ಖರ್ಚನ್ನೆಲ್ಲ ಕೂಡಿಸಿ, ಅದರಲ್ಲಿ ಕೆಲಸದ ಪಾಲು ತೆಗೆಯುವುದು. ನಾನು ಹೋಲಿಸಿ ನೋಡಿದೆ. ನನ್ನ ಹಳೇ ಯಾರಿಸ್ ಕಾರಿಗೆ ವರ್ಷದ ಖರ್ಚು 2,100 ಪೌಂಡ್, ಓಡಿದ್ದು 6,000 ಮೈಲಿ. ಕೆಲಸದ ಪಾಲು 511 ಪೌಂಡ್ ಬಂತು. ಮೈಲಿ ದರವೇ ಮೇಲು. ಜಾಸ್ತಿ ಬೆಲೆಯ ಕಾರು ಕೊಂಡವರಿಗೆ ಲೆಕ್ಕ ಬೇರೆ ಬರಬಹುದು, ಆದ್ದರಿಂದ ಮೊದಲ ರಿಟರ್ನ್‌ಗೆ ಮುಂಚೆಯೇ ಕೂತು ಹೋಲಿಸಿ. ಒಂದು ಕಾರಿಗೆ ಮೈಲಿ ದರ ಹಿಡಿದರೆ ಆ ಕಾರನ್ನು ಕೆಲಸಕ್ಕೆ ಬಳಸುವವರೆಗೂ ಅದೇ ದರ. ನಡುವೆ ಬದಲಾಯಿಸುವ ಹಾಗಿಲ್ಲ. ಖರ್ಚಿನ ಬದಲು ಆದಾಯದಿಂದ ನೇರವಾಗಿ ಕಳೆಯುವ 1,000 ಪೌಂಡ್‌ನ ಟ್ರೇಡಿಂಗ್ ಅಲೋಯನ್ಸ್ ತೆಗೆದುಕೊಂಡರೆ ಮೈಲಿ ಸೇರಿ ಯಾವ ಖರ್ಚನ್ನೂ ತೋರಿಸುವಂತಿಲ್ಲ.

ಪೋಷಕರು ಓಡಾಟಕ್ಕೆ ಅಂತ ದುಡ್ಡು ಕೊಟ್ಟರೆ ಅದು ಆದಾಯ. ಅದನ್ನು ತೋರಿಸಿ, ಆಮೇಲೆ ಮೈಲಿ ಕಳೆಯಿರಿ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಕಾರಿನಲ್ಲಿ ಒಂದು ಚಿಕ್ಕ ನೋಟ್‌ಬುಕ್, ಅದಕ್ಕೇ ಕಟ್ಟಿದ ಪೆನ್ನು. ತಾರೀಕು, ಎಲ್ಲಿಂದ ಎಲ್ಲಿಗೆ, ಯಾಕೆ, ಎಷ್ಟು ಮೈಲಿ. ಇಷ್ಟೇ. ಟ್ಯಾಕ್ಸ್ ವರ್ಷ ಶುರುವಾಗುವ ಏಪ್ರಿಲ್ 6ರ ಬೆಳಿಗ್ಗೆ ಓಡೋಮೀಟರ್‌ನ ಫೋಟೋ ತೆಗೆಯುತ್ತೇನೆ, ಮುಂದಿನ ಏಪ್ರಿಲ್ 5ರ ರಾತ್ರಿ ಇನ್ನೊಂದು. ಮಕ್ಕಳ ಹೆಸರು ಬರೆಯುವುದಿಲ್ಲ, ಮೊದಲ ಅಕ್ಷರ ಸಾಕು. ಅದೇ ದಿನ ಬರೆಯಿರಿ. ಶುಕ್ರವಾರ ಕೂತು ಸೋಮವಾರವನ್ನು ನೆನಪಿಸಿಕೊಳ್ಳಲು ನನ್ನಿಂದಂತೂ ಆಗುವುದಿಲ್ಲ.

ಬರೆಯದೆ ಹೋಗಿದ್ದರೆ? ನನ್ನ ಮೊದಲ ವರ್ಷವನ್ನು ನಾನು ಹಾಜರಿ ಪುಸ್ತಕದಿಂದ ಸರಿಮಾಡಿದೆ. ಯಾವ ಮಗು ಯಾವ ದಿನ ಬಂದಿತ್ತು ಎಂದು ಅದರಲ್ಲಿ ಇತ್ತು. ಸ್ಕೂಲ್ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು, ನಾಲ್ಕು ರಾತ್ರಿ ಕೂತು ಟ್ರಿಪ್ಪುಗಳನ್ನು ಎಣಿಸಿದೆ. ಖಾತ್ರಿ ಇಲ್ಲದ ದಿನ ಬಿಟ್ಟೆ. ಕಳಿಸಿದ ರಿಟರ್ನನ್ನು ಜನವರಿ 31ರ ಗಡುವಿನ ನಂತರ 12 ತಿಂಗಳವರೆಗೆ ತಿದ್ದಬಹುದು. 2024ರ ಜನವರಿಯೊಳಗೆ ತಿದ್ದಿದೆ, ಹೆಚ್ಚಾಗಿ ಕಟ್ಟಿದ್ದ ಟ್ಯಾಕ್ಸ್ ವಾಪಸ್ ಬಂತು.

ಇನ್ನೊಂದು ಮಾತು. ದಯವಿಟ್ಟು ನಿಮ್ಮ ಕಾರ್ ಇನ್ಶೂರೆನ್ಸ್‌ನಲ್ಲಿ ಬಿಸಿನೆಸ್ ಯೂಸ್, ಅಂದರೆ ಕೆಲಸಕ್ಕೆ ಓಡಿಸುವ ರಕ್ಷಣೆ, ಇದೆಯಾ ನೋಡಿ. ಬೇರೆಯವರ ಮಕ್ಕಳು ಹಿಂದಿನ ಸೀಟಿನಲ್ಲಿರುತ್ತಾರೆ. ಇದನ್ನು ನಾಳೆಗೆ ತಳ್ಳಬೇಡಿ.

ರಿಟರ್ನ್ ತುಂಬುವಾಗ ಕಾರು ಮತ್ತು ಪ್ರಯಾಣದ ಖರ್ಚಿನ ಜಾಗದಲ್ಲಿ ಒಟ್ಟು ಮೊತ್ತ ಹಾಕಿದರಾಯಿತು. ಪುಸ್ತಕವನ್ನು ಕಳಿಸಬೇಕಿಲ್ಲ. ಕೇಳಿದರೆ ತೋರಿಸಬೇಕು. ಗಡುವಿನಿಂದ ಐದು ವರ್ಷ ಅದು ಕೈಗೆ ಸಿಗುವಂತಿರಬೇಕು. 2024-25ರ ನನ್ನ ನೋಟ್‌ಬುಕ್ಕಿನ ರಟ್ಟಿನ ಮೇಲೆ "2031 ಜನವರಿ 31ರವರೆಗೆ" ಎಂದು ಬರೆದು, ಪಾಸ್‌ಪೋರ್ಟ್‌ಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ.