ಹಾವನ್ನು ಮಕ್ಕಳಿಗೆ ಮುಟ್ಟಿಸುವಾಗ ಕೆಡುವುದೆಲ್ಲಿ?

ಇಂಗ್ಲೆಂಡಿನ ಪ್ರೈಮರಿ ಶಾಲೆ, ಲೈಬ್ರರಿ, ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಮಕ್ಕಳಿಗೆ ಹಾವು, ಓತಿ, ಜಿರಳೆ ಮುಟ್ಟಿಸುವ ಕಾರ್ಯಕ್ರಮ ಮಾಮೂಲಾಗಿದೆ. ಅದನ್ನು ನಡೆಸುವ ಹೊಸಬರೂ ಮನೆಗೆ ಕರೆಸುವ ನಮ್ಮವರೂ ಎಡವುವುದು ಒಂದೇ ಜಾಗದಲ್ಲಿ: ಮಕ್ಕಳನ್ನು ಸುತ್ತ ಕೂರಿಸಿ ಹಾವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ, ಹಾವಿನ ಗತಿ ಕೇಳುವವರಿಲ್ಲ.

ಮೊದಲು ಕಾಗದಪತ್ರ

ಇಂಗ್ಲೆಂಡಿನಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿಗೆ 2018ರ ನಿಯಮಗಳಂತೆ ಸ್ಥಳೀಯ ಕೌನ್ಸಿಲ್‌ನ ಲೈಸೆನ್ಸ್ ಬೇಕು. ಅವಧಿ 3 ವರ್ಷ. ಕರೆಸುವವರು ಲೈಸೆನ್ಸ್ ಮತ್ತು ವಿಮೆ ಎರಡನ್ನೂ ಕೇಳಿ ನೋಡಿ. ತೋರಿಸಲು ಮೀನಮೇಷ ಎಣಿಸುವವರನ್ನು ಬಿಟ್ಟುಬಿಡಿ.

ಇದನ್ನು ನೋಡಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಮಾಡೋಣ ಎನ್ನುವವರಿದ್ದಾರೆ. ಬೇಡ. ನಾಗರವಿರಲಿ, ಕೇರೆಯಿರಲಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಹಾವನ್ನು ಹಿಡಿದು ತೋರಿಸುವುದು ಅಪರಾಧ. ಬಾಲ್ ಪೈಥಾನ್, ಇಗುವಾನಾದಂಥ ವಿದೇಶಿ ಜೀವಿ ಸಾಕಿದವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಸಾರ್ವಜನಿಕರಿಗೆ ಪ್ರಾಣಿ ತೋರಿಸುತ್ತಾ ತಿರುಗುವ ಸಂಚಾರಿ ವ್ಯವಸ್ಥೆಯೂ ಕಾಯ್ದೆಯ ಕಣ್ಣಲ್ಲಿ ಮೃಗಾಲಯವೇ. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ನಡೆಸುವಂತಿಲ್ಲ.

ಯಾವ ಪ್ರಾಣಿ?

ಮೂರು ಸಾಕು. ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್, ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿ, ಮಡಗಾಸ್ಕರ್‌ನ ಬುಸುಗುಡುವ ಜಿರಳೆ. ಮೂರೂ ಸಾಕಣೆಯಲ್ಲೇ ಹುಟ್ಟಿದವಾಗಿರಬೇಕು. ಟರಾಂಟುಲಾ ಜೇಡವನ್ನು ಕೈಗೆ ಕೊಡಲೇಬೇಡಿ: ಮೊಣಕಾಲೆತ್ತರದಿಂದ ಬಿದ್ದರೂ ಹೊಟ್ಟೆ ಒಡೆಯಬಹುದು, ಅದು ಉದುರಿಸುವ ರೋಮ ಕಣ್ಣಿಗೆ ಹೋದರೆ ಆಸ್ಪತ್ರೆಯೇ ಗತಿ. ಮರಗಪ್ಪೆಯದೂ ಅಷ್ಟೇ, ಡಬ್ಬಿಯೊಳಗೇ ಇರಲಿ. ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮಗುವಿನ ಕೈಯ ಲೋಷನ್ ಕೂಡ ಅದಕ್ಕೆ ವಿಷ.

ಬ್ರಿಟನ್ನಿನ ತರಗತಿಗಳಲ್ಲಿ ಆಫ್ರಿಕನ್ ದೈತ್ಯ ಬಸವನಹುಳುವನ್ನೂ ಸಾಕುತ್ತಾರೆ. ಕೊಡಗಿನ ಕಾಫಿ ಬೆಳೆಗಾರರು ಕೇಳಿದರೆ ತಲೆ ಚಚ್ಚಿಕೊಂಡಾರು. ಅವರು ಚೀಲಗಟ್ಟಲೆ ಆರಿಸಿ ಕೊಲ್ಲುವುದು ಇದನ್ನೇ. ತೋಟದಿಂದ ಹಿಡಿದು ತಂದ ಹುಳುವನ್ನು ಮಕ್ಕಳ ಕೈಗೆ ಕೊಡಬಾರದು, ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳ ಅದರಲ್ಲಿರಬಹುದು. ಸಾಕಿದ್ದು ಮೊಟ್ಟೆಯಿಟ್ಟರೆ ಎರಡು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಎಸೆಯಿರಿ.

ಕಾರ್ಯಕ್ರಮದ ಹಿಂದಿನ ದಿನಗಳು

ಹಾವು ಇಲಿ ನುಂಗಿ ಕನಿಷ್ಠ 48 ಗಂಟೆ ಕಳೆದಿರಬೇಕು. ಮೂರು ದಿನವಾದರೆ ಇನ್ನೂ ಒಳ್ಳೆಯದು. ಅದಕ್ಕೆ ಮುಂಚೆ ಎತ್ತಿ ಆಡಿಸಿದರೆ ಅರ್ಧ ಕರಗಿದ ಇಲಿಯನ್ನು ಮಕ್ಕಳ ಮುಂದೆಯೇ ಕಕ್ಕುತ್ತದೆ, ಹಾವಿನ ಗಂಟಲಿಗೂ ಹೊಟ್ಟೆಗೂ ಪೆಟ್ಟು. ಪೊರೆ ಬಿಡುವ ಮುನ್ನ ಕಣ್ಣು ನೀಲಿಯಾಗಿ ಮಸುಕಾಗುತ್ತದೆ. ಕೆಲವು ದಿನಕ್ಕೆ ಮಸುಕು ತಾನಾಗಿ ತಿಳಿಯಾಗುತ್ತದೆ. ಇಲ್ಲೇ ಮೋಸಹೋಗುವುದು: ಕಣ್ಣು ತಿಳಿಯಾದರೂ ಪೊರೆ ಇನ್ನೂ ಬಿಟ್ಟಿರುವುದಿಲ್ಲ. ಕಳಚಿದ ಪೊರೆ ಕೈಗೆ ಸಿಗುವ ತನಕ ಹಾವನ್ನು ಒಯ್ಯಬೇಡಿ. ಓತಿಗೆ ಹೊರಡುವ ಬೆಳಿಗ್ಗೆ ಒಂದೆರಡು ಗಂಟೆ ಅದರ ದೀಪದಡಿ ಮೈ ಕಾಯಿಸಲು ಬಿಟ್ಟರೆ ಸಾಕು.

ಸಾಗಣೆ

ಹಳೆಯ ಹತ್ತಿಯ ದಿಂಬಿನ ಕವರನ್ನು ಹೊಲಿಗೆ ಹೊರಬರುವಂತೆ ತಿರುಗಿಸಿ (ಒಳಗಿನ ದಾರದ ಎಳೆ ಹಾವಿಗೆ ಸುತ್ತಿಕೊಳ್ಳುತ್ತದೆ), ಹಾವನ್ನು ಇಳಿಸಿ, ಬಾಯಿಗೆ ಗಂಟು ಹಾಕಿ, ಗಾಳಿ ತೂತಿರುವ ಲಾಕ್ ಆಗುವ ಡಬ್ಬಿಯಲ್ಲಿಡಿ. ಒಳಗೆ 22ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಚಳಿಗಾಲದಲ್ಲಿ ಹೀಟ್ ಪ್ಯಾಕ್ ಬೇಕಾದರೆ ಪೇಪರಿನಲ್ಲಿ ಸುತ್ತಿ ಮುಚ್ಚಳದ ಒಳಬದಿಗೆ ಅಂಟಿಸಿ, ಚೀಲಕ್ಕೆ ತಾಗಕೂಡದು. ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್‌ಗೆ ದುಡ್ಡು ಹಾಕಬೇಡಿ. ವೈರ್ ಇರುವ ಡಿಜಿಟಲ್‌ನದ್ದನ್ನೇ ಕೊಳ್ಳಿ. ಡಬ್ಬಿ ಕಾರಿನ ಡಿಕ್ಕಿಯಲ್ಲಿ ಬೇಡ, ಸೀಟಿನ ಮೇಲೆ ಬೆಲ್ಟ್ ಹಾಕಿ. ಜಿರಳೆ ಗಾಜಿನ ಮೇಲೂ ಹತ್ತುತ್ತದೆ, ಡಬ್ಬಿಯ ಅಂಚಿನೊಳಗೆ ನಾಲ್ಕು ಬೆರಳಗಲ ವ್ಯಾಸಲೀನ್ ಬಳಿಯಿರಿ.

ಕೈಗೆ ಕೊಡುವುದು

ಒಮ್ಮೆಗೆ ಎಂಟು ಮಕ್ಕಳು, ಹೆಚ್ಚೆಂದರೆ ಹತ್ತು. ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಒಂದೇ ಸಾಲಿನಲ್ಲಿ ಕೂರಲಿ, ನೀವೂ ನೆಲದ ಮೇಲೇ ಕೂರಿ. ಕುರ್ಚಿಯಿಂದ ಬಿದ್ದ ಹಾವಿಗೂ ಮಡಿಲಿನಿಂದ ಜಾರಿದ ಹಾವಿಗೂ ಬಹಳ ವ್ಯತ್ಯಾಸವಿದೆ.

ಮುಟ್ಟುವ ಮುಂಚೆ ಮಕ್ಕಳು ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಲಿ. ಸ್ಯಾನಿಟೈಸರ್ ಈಗ ಬೇಡ. ಅದರ ಪಸೆಯೂ ಘಾಟೂ ಪ್ರಾಣಿಗಾಗದು. ಮನೆಯಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಸಾಕುಪ್ರಾಣಿಯನ್ನು ಆಡಿಸಿ ಬಂದ ಮಗುವಿನ ಬೆರಳು ಹಾವಿನ ಮೂಗಿಗೆ ಊಟದ ವಾಸನೆ. ಅಂಥವರಿದ್ದಾರೆಯೇ ಎಂದು ಕೇಳಿ, ಎರಡು ಸಲ ತೊಳೆಸಿ.

ಹಾವಿನ ಮುಂಭಾಗ, ಅಂದರೆ ತಲೆಯಿಂದ ಮೂರನೇ ಒಂದು ಭಾಗ, ಕೊನೆಯವರೆಗೂ ನಿಮ್ಮ ಕೈಯಲ್ಲೇ ಇರಬೇಕು. ತಲೆ ಮಕ್ಕಳ ಕಡೆಗಲ್ಲ, ನಿಮ್ಮ ತೋಳಿನ ಕಡೆಗೆ. ನೀವು ಸಾಲಿನುದ್ದಕ್ಕೆ ಸರಿಯಿರಿ, ಮಕ್ಕಳು ಅಲ್ಲಲ್ಲೇ ಕೂತಿರಲಿ. ಪ್ರತಿ ಮಗುವೂ ಎರಡು ಬೆರಳಿನಿಂದ ಹಾವಿನ ನಡುಮೈಯನ್ನು ಬಾಲದ ದಿಕ್ಕಿಗೆ ಸವರಲಿ. ಎದುರು ದಿಕ್ಕಿಗೆ ಉಜ್ಜಿದರೆ ಹುರುಪೆ ಏಳುತ್ತದೆ. ಒಂದು, ಎರಡು, ಮೂರು ಎಂದು ಎಣಿಸಿ ಮುಂದಿನ ಮಗುವಿಗೆ ಹೋಗಿ.

ಹಿಡಿದುಕೊಳ್ಳಬೇಕು ಎನ್ನುವ ಮಗುವಿಗೆ, ಪ್ರಸಾದಕ್ಕೆ ಒಡ್ಡುವ ಹಾಗೆ ಬೊಗಸೆ ಒಡ್ಡಲು ಹೇಳಿ, ನಡುಮೈಯನ್ನು ಅದರ ಮೇಲಿಡಿ. ಬೆರಳು ಮಡಚಬಾರದು. ಮುಷ್ಟಿ ಬಿಗಿಯಾದ ಕ್ಷಣವೇ ಹಾವಿಗೆ ಯಾರೋ ಹಿಡಿದರು ಎನಿಸಿ ನುಸುಳಲು ಶುರುಮಾಡುತ್ತದೆ. ಮಗು ಇನ್ನಷ್ಟು ಬಿಗಿ ಹಿಡಿಯುತ್ತದೆ, ಆಮೇಲೆ ಚೀರಿ ಕೈ ಕೊಡವುತ್ತದೆ. ಕೈಯಿಂದ ಕೈಗೆ ದಾಟಿಸಿದರೆ ಆಗುವುದೂ ಇದೇ: ಪ್ರತಿ ಕೈಯಲ್ಲೂ ಹೊಸ ಬಿಸಿ, ಹೊಸ ವಾಸನೆ, ಹೊಸ ಹಿಡಿತ, ಕೆಳಗೆ ಆಸರೆ ಇಲ್ಲ. ಹೆದರಿದ ಹಾವು ಬಾಲದ ಬುಡದಿಂದ ಗಬ್ಬು ನಾತದ ದ್ರವ ಬಿಟ್ಟರೆ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಕೊರಳಿಗೆ ಹಾಕಿ ಫೋಟೊ ತೆಗೆಯುವುದಂತೂ ಬೇಡವೇ ಬೇಡ; ಗಾಬರಿಯಾದ ಮಗು ಹಿಡಿದೆಳೆದರೆ ಹಾವಿನ ಪಕ್ಕೆಲುಬು ಮುರಿಯುತ್ತದೆ.

ಕುತ್ತಿಗೆ ಎಸ್ ಆಕಾರಕ್ಕೆ ಮಡಚಿಕೊಂಡರೆ, ಬಾಲದ ತುದಿ ಪಟಪಟ ನಡುಗಿದರೆ, ಮೈ ಜರ್ಕು ಹೊಡೆದರೆ ತಕ್ಷಣ ಚೀಲಕ್ಕೆ ಹಾಕಿ. ಅಪ್ಪಿತಪ್ಪಿ ಕಚ್ಚಿದರೆ ಎಳೆಯಬೇಡಿ: ಹಲ್ಲುಗಳು ಹಿಂದಕ್ಕೆ ಬಾಗಿರುತ್ತವೆ, ಎಳೆದರೆ ಚರ್ಮ ಹರಿಯುತ್ತದೆ. ಕಾರ್ನ್ ಸ್ನೇಕ್‌ಗೆ ವಿಷವಿಲ್ಲ. ತಾನೇ ಬಿಡುತ್ತದೆ, ಆಮೇಲೆ ಗಾಯವನ್ನು ಸೋಪಿನಿಂದ ತೊಳೆಯಿರಿ. ಹಾವು ಹೊರಗಿರುವುದು ಒಟ್ಟು ಹತ್ತು ನಿಮಿಷ, ದಿನಕ್ಕೆ ಎರಡೇ ಸಲ.

ಹೆದರಿದ ಮಗುವನ್ನು ಬಲವಂತ ಮಾಡಬೇಡಿ, ಒಣಗಿದ ಪೊರೆ ಕೊಡಿ. ನಿಜವಾದ ಕಾಟ ಹಿಂದೆ ನಿಂತು ‘ಅಯ್ಯಯ್ಯೋ’ ಎನ್ನುವ ದೊಡ್ಡವರದ್ದು. ಅವರನ್ನು ಟೀ ಕುಡಿಯಲು ಕಳಿಸಿ.

ಓತಿಯ ಹೊಟ್ಟೆಗೂ ನಾಲ್ಕು ಕಾಲಿಗೂ ಆಸರೆ ಇರಲಿ. ಗಡ್ಡ, ಅಂದರೆ ಗಂಟಲಿನ ಕೆಳಗಿನ ಚರ್ಮ, ಕಪ್ಪಗಾದರೆ ವಾಪಸ್ ಡಬ್ಬಿಗೆ. ಜಿರಳೆಯನ್ನು ಎತ್ತಬೇಡಿ, ಅಂಗೈಯಿಂದ ಅಂಗೈಗೆ ತಾನೇ ನಡೆಯಲಿ. ಅದು ಬುಸುಗುಡುವುದು ಬಾಯಿಂದಲ್ಲ, ಹೊಟ್ಟೆಯ ಪಕ್ಕದ ಉಸಿರಿನ ರಂಧ್ರಗಳಿಂದ. ಇದನ್ನು ಹೇಳಿದರೆ ಮಕ್ಕಳು ಭಯ ಬಿಟ್ಟು ಬಗ್ಗಿ ನೋಡುತ್ತಾರೆ. ಅಸ್ತಮಾ ಇರುವ ಮಕ್ಕಳು ದೂರ ಕೂರಲಿ. ಆ ದಿನ ಬೆಕ್ಕು, ನಾಯಿಗೆ ಚಿಗಟದ ಔಷಧಿ ಹಚ್ಚಿದವರು ಜಿರಳೆ ಮುಟ್ಟಿದರೆ ಅದು ಸಾಯುತ್ತದೆ. ಕೋಣೆಯಲ್ಲಿ ಸೊಳ್ಳೆ ಲಿಕ್ವಿಡ್ ಹಾಕಿದ್ದರೂ ಅಷ್ಟೇ.

ಕೈ ತೊಳೆಯುವುದು

ಉರಗಗಳು ನೋಡಲು ಆರೋಗ್ಯವಾಗಿದ್ದರೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರುತ್ತವೆ. ಇದೇ ಕಾರಣಕ್ಕೆ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಮರಿಗಳ ಮಾರಾಟವನ್ನೇ ನಿಷೇಧಿಸಿತು. ಪೊರೆ ಮಾತ್ರ ಮುಟ್ಟಿದವರೂ ಸೇರಿ ಎಲ್ಲರೂ ಸೋಪು, ಹರಿಯುವ ನೀರಿನಲ್ಲಿ 20 ಸೆಕೆಂಡ್ ಕೈ ತೊಳೆಯಲಿ. ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ. ಐದು ವರ್ಷಕ್ಕಿಂತ ಚಿಕ್ಕವರು ನೋಡಲಿ ಸಾಕು. ಕೇಕ್ ಕತ್ತರಿಸುವುದು ಪ್ರಾಣಿಗಳು ಕಾರಿಗೆ ಹೋದ ಮೇಲೆ, ಬೇರೆ ಕೋಣೆಯಲ್ಲಿ.

ಮನೆಗೆ ಬಂದ ಮೇಲೆ

ಡಬ್ಬಿಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಡೆಟಾಲ್ ತರಹದ ಫಿನಾಲಿಕ್ ದ್ರವ ಉರಗಗಳಿಗೂ ಕೀಟಗಳಿಗೂ ವಿಷ. ಪಶುವೈದ್ಯರು ಬಳಸುವ ಸೋಂಕುನಿವಾರಕವನ್ನು ಲೇಬಲ್‌ನಲ್ಲಿ ಹೇಳಿದಷ್ಟೇ ನೀರು ಬೆರೆಸಿ ಹಾಕಿ, ಚೆನ್ನಾಗಿ ತೊಳೆದು ಒಣಗಿಸಿ. ಆ ರಾತ್ರಿ ಹಾವಿಗೆ ಊಟ ಬೇಡ, ಮರುದಿನ ಕೊಡಿ. ದಿನಾಂಕ, ತೂಕ, ಎಷ್ಟು ಹೊತ್ತು ಹೊರಗಿತ್ತು ಎಂದು ಪ್ರತಿ ಪ್ರಾಣಿಗೂ ಬೇರೆ ಪುಟದಲ್ಲಿ ಬರೆದಿಡಿ. ಮಾಮೂಲಿ ದಿನಕ್ಕೆ ಊಟ ಬಿಟ್ಟ ಪ್ರಾಣಿಯನ್ನು ಮುಂದಿನ ಬುಕಿಂಗ್‌ಗೆ ಒಯ್ಯಬೇಡಿ, ಆ ದಿನದ ಹಣ ಹೋದರೂ ಸರಿ.