ಸೀತಾನದಿಯ ಜಾಡು ಹಿಡಿದು ಆಗುಂಬೆಗೆ

ನಮ್ಮ ಮನೆ ಬಾರ್ಕೂರಿನ ಹತ್ತಿರ, ಸೀತಾನದಿಯ ದಂಡೆಯಲ್ಲಿ. ಬೇಸಿಗೆಯಲ್ಲಿ ಉಬ್ಬರದ ಜೊತೆ ಉಪ್ಪುನೀರು ಮೇಲೆ ಬರುತ್ತದೆ. ಮಳೆಗಾಲದಲ್ಲಿ ಅದೇ ಹೊಳೆ ಕೆಂಪಾಗಿ, ಮರದ ದಿಮ್ಮಿಗಳನ್ನು ಹೊತ್ತುಕೊಂಡು ಇಳಿಯುತ್ತದೆ. ಚಿಕ್ಕವನಿದ್ದಾಗ ಅಜ್ಜಿ ಪೂರ್ವಕ್ಕೆ ಕೈ ತೋರಿಸಿ "ಅದು ಘಟ್ಟದ ನೀರು" ಅನ್ನುತ್ತಿದ್ದರು. ಬಸ್ಸಿನಲ್ಲಿ ಆಗುಂಬೆಗೆ ಎಷ್ಟೋ ಸಲ ಹೋಗಿದ್ದೇನೆ. ಆದರೆ ಈ ಹೊಳೆಯ ಜೊತೆಗೇ, ನನ್ನ ಕಾಲಿನ ಬಲದಲ್ಲೇ ಅಲ್ಲಿಗೆ ಮುಟ್ಟಬೇಕು ಅನ್ನುವ ಆಸೆ ಉಳಿದೇ ಇತ್ತು.

ಮೊದಲ ಸಲ ಹೊರಟದ್ದು ಮಾರ್ಚ್‌ನಲ್ಲಿ. ಅದು ಕೈಗೂಡಲಿಲ್ಲ. ಘಾಟಿಯ ಬುಡದ ಸೋಮೇಶ್ವರ ತಲುಪುವಾಗಲೇ ಹನ್ನೊಂದು ಗಂಟೆ ದಾಟಿತ್ತು. ನನ್ನ ಸೈಕಲ್‌ನಲ್ಲಿ ಮುಂದೆ 38 ಹಲ್ಲಿನ ಚಕ್ರ, ಹಿಂದೆ ದೊಡ್ಡದೆಂದರೆ 28 ಹಲ್ಲು. ಏರಿಗೆ ಅದು ತುಂಬಾ ಭಾರ. ನಾಲ್ಕನೇ ತಿರುವಿನ ಮಧ್ಯದಲ್ಲಿ ಗೇರ್ ಬದಲಿಸಲು ಹೋದೆ. ಚೈನ್ ಕಳಚಿ ಚಕ್ರಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಬಿತ್ತು. ಹಿಂದಿನಿಂದ ಜೀಪ್ ಬರುತ್ತಿತ್ತು. ಪುಣ್ಯಕ್ಕೆ ಚಾಲಕ ನಿಲ್ಲಿಸಿದರು. ನೀರೂ ಮುಗಿದಿತ್ತು. ಅಲ್ಲಿಂದಲೇ ವಾಪಸ್ ಬಂದೆ.

ಆಮೇಲೆ ಎರಡು ಕೆಲಸ ಮಾಡಿದೆ. ಮುಂದೆ 28 ಹಲ್ಲಿನ ಚಿಕ್ಕ ಚಕ್ರ, ಹಿಂದೆ 34 ಹಲ್ಲಿನ ದೊಡ್ಡದು ಹಾಕಿಸಿದೆ. ಈಗ ಪೆಡಲ್ ಒಂದು ಸುತ್ತು ತಿರುಗಿಸಿದರೆ ಹಿಂದಿನ ಚಕ್ರ ಪೂರ್ತಿ ಒಂದು ಸುತ್ತೂ ತಿರುಗುವುದಿಲ್ಲ. ನಿಧಾನ ಆಗುತ್ತದೆ, ಆದರೆ ಮೊಣಕಾಲು ಉಳಿಯುತ್ತದೆ. ಎರಡನೆಯದು, ಮನಸ್ಸಿನಲ್ಲೇ ಒಂದು ತೀರ್ಮಾನ: ಘಾಟಿಯ ಒಂದು ಭಾಗವನ್ನು ಬೇಕೆಂದೇ ನಡೆದು ಹತ್ತುವುದು. ಸೈಕಲ್‌ನಿಂದ ಇಳಿದರೆ ಸೋತಂತೆ ಅಂತ ಹಲವರು ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಏರಿನಲ್ಲಿ ಪೆಡಲ್ ತುಳಿಯುವವನ ಕಣ್ಣು ಮುಂದಿನ ಹತ್ತಡಿ ಟಾರಿನ ಮೇಲೇ ಇರುತ್ತದೆ. ಕಾಡು ಕಾಣಬೇಕಾದರೆ ನಡೆಯಲೇಬೇಕು.

ಎರಡನೇ ಸಲ ನವೆಂಬರ್ ಕೊನೆಯ ವಾರ. ಮಳೆ ನಿಂತಿರುತ್ತದೆ, ತೊರೆಗಳಲ್ಲಿ ನೀರು ಇರುತ್ತದೆ, ಬಿಸಿಲು ಹದವಾಗಿರುತ್ತದೆ. ಈ ದಾರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಅಂತ ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಸೈಕಲ್ ಒಯ್ಯುವುದು ಬೇಡವೇ ಬೇಡ. ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಮಂಜು ಕವಿದರೆ ಬರುವ ವಾಹನಕ್ಕೆ ನಾವು ಕಾಣುವುದೂ ಇಲ್ಲ.

ಜೊತೆಗೆ ಅಕ್ಕನ ಮಗ ಬಂದ. ಬೆಳಿಗ್ಗೆ ಐದಕ್ಕೆ ಹೊರಟೆವು. ಬ್ರಹ್ಮಾವರ, ಪೇತ್ರಿ ದಾಟಿ ಹೆಬ್ರಿಗೆ. ಮನೆಯಿಂದ ಆಗುಂಬೆಗೆ ಒಟ್ಟು ಸುಮಾರು 60 ಕಿ.ಮೀ. ಹೆಬ್ರಿವರೆಗೆ ಸಣ್ಣ ಸಣ್ಣ ಏರಿಳಿತ, ರಬ್ಬರ್ ತೋಟ, ಗದ್ದೆ, ಅಲ್ಲಲ್ಲಿ ದೈವಸ್ಥಾನ. ಹೆಚ್ಚು ಹೇಳುವಂಥದ್ದಿಲ್ಲ. ಹೆಬ್ರಿಯಲ್ಲಿ ಇಡ್ಲಿ, ಬನ್ಸ್ ತಿಂದು ಬಾಟಲಿಗಳಿಗೆ ನೀರು ತುಂಬಿಸಿಕೊಂಡೆವು. ಹೋಟೆಲಿನವರು ಸೈಕಲ್ ನೋಡಿ "ಇದ್ರಲ್ಲಿ ಘಾಟಿ ಹತ್ತುದಾ ಮಾರಾಯ್ರೆ?" ಅಂತ ಕೇಳಿದರು. ಸ್ವಲ್ಪ ನಡೆದು ಹೋಗ್ತೇವೆ ಅಂದೆ. "ಹಾಗಾದ್ರೆ ಅಡ್ಡಿಲ್ಲ" ಅಂದರು.

ಹೆಬ್ರಿ ದಾಟಿದ ಮೇಲೆ ದಾರಿಯ ಬಣ್ಣವೇ ಬದಲಾಗುತ್ತದೆ. ಎರಡೂ ಬದಿ ಸೋಮೇಶ್ವರ ವನ್ಯಜೀವಿಧಾಮದ ಕಾಡು. ಸೀತಾನದಿ ಅಂತಲೇ ಹೆಸರಿರುವ ಊರಿನ ಹತ್ತಿರ ಹೊಳೆ ಕಾಣುತ್ತದೆ. ಮನೆಯ ಹತ್ತಿರ ಅಗಲವಾಗಿ, ಸದ್ದಿಲ್ಲದೆ ಹರಿಯುವ ಹೊಳೆ ಇಲ್ಲಿ ಬಂಡೆಗಳ ನಡುವೆ ಕುಣಿಯುತ್ತಿತ್ತು. ನೀರು ಎಷ್ಟು ತಿಳಿ ಅಂದರೆ ತಳದ ಕಲ್ಲಿನ ಮೇಲೆ ಮೀನಿನ ನೆರಳು ಕಾಣುತ್ತಿತ್ತು. ಅಳಿಯ ಸುಮ್ನೆ ನಿಂತು ನೋಡಿದ. "ಮಾಮ, ಇದು ನಮ್ಮದೇ ಹೊಳೆಯಾ?" ಅಂತ ಕೇಳಿದ.

ಘಾಟಿ ಸೋಮೇಶ್ವರದ ನಂತರ ಶುರು. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅದರ ದೊಡ್ಡ ಪಾಲನ್ನು ಈ ಕೆಲವೇ ಕಿಲೋಮೀಟರ್‌ಗಳಲ್ಲಿ ಏರಬೇಕು. 14 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ನಂಬರಿನ ಬೋರ್ಡ್ ಇದೆ. ತಿರುವುಗಳ ಬಗ್ಗೆ ನಾನು ಕಲಿತದ್ದನ್ನು ಇಲ್ಲಿ ಹೇಳಲೇಬೇಕು. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು. ಹಾಗಾಗಿ ಬಲಕ್ಕೆ ತಿರುಗುವಾಗ ಹೊರ ಅಂಚು ಸಿಗುತ್ತದೆ. ಅಲ್ಲಿ ಏರು ಕಡಿಮೆ, ಉಸಿರು ಸುಧಾರಿಸಿಕೊಳ್ಳಬಹುದು. ಎಡಕ್ಕೆ ತಿರುಗುವಾಗ ಒಳ ಅಂಚು ಸಿಗುತ್ತದೆ. ಅದು ಗೋಡೆ ಹತ್ತಿದಂತೆ. ಎಡ ತಿರುವು ಕಂಡ ಕೂಡಲೇ, ಇನ್ನೂ ಇಪ್ಪತ್ತು ಅಡಿ ದೂರ ಇರುವಾಗಲೇ ಅತಿ ಹಗುರ ಗೇರ್‌ಗೆ ಬಂದುಬಿಡಬೇಕು. ತಿರುವಿನ ಒಳಗೆ ಹೋದ ಮೇಲೆ ಗೇರ್ ಮುಟ್ಟಬಾರದು. ಮಾರ್ಚ್‌ನಲ್ಲಿ ನನಗೆ ಗೊತ್ತಿಲ್ಲದೇ ಹೋದದ್ದು ಇದೇ. ಮಿನಿ ಬಸ್ಸಿನ ಹಾರ್ನ್ ಕೇಳಿದರೆ ತಿರುವಿಗೆ ಮೊದಲೇ ಇಳಿದು, ಬದಿಗೆ ನಿಂತು, ಅದನ್ನು ಹೋಗಲು ಬಿಟ್ಟೆವು. ಬಸ್ಸು ತಿರುಗಲು ಇಡೀ ರಸ್ತೆ ಬೇಕು. ಅಲ್ಲಿ ನಮಗೆ ಜಾಗ ಇರುವುದಿಲ್ಲ.

ಆರನೇ ತಿರುವಿನವರೆಗೆ ತುಳಿದೆವು. ನಂತರ ಇಳಿದು ನಡೆದೆವು. ನನಗೆ ಈ ಪ್ರಯಾಣದ ಒಳ್ಳೆಯ ಭಾಗ ಅಂದರೆ ಈ ನಡಿಗೆ.

ಕೆಳಗೆ ಮತ್ತಿ, ನಂದಿ ಮರಗಳಿದ್ದವು. ಮೇಲೆ ಬಂದಂತೆ ಧೂಪದ ಮರಗಳು ಕಾಣಿಸಿದವು, ಬೈನೆ ಮರಗಳು, ಮರಕ್ಕೆ ಸುತ್ತಿದ ಬೆತ್ತ. ಎಲೆಗಳ ಹಸಿರೇ ದಟ್ಟವಾಗುತ್ತಾ ಹೋಯಿತು. ಮಂಗಟ್ಟೆಯೊಂದು ಕಣಿವೆ ದಾಟಿತು. ಅದರ ರೆಕ್ಕೆಯ ಸದ್ದು ನಮಗೆ ಮೊದಲು ಕೇಳಿತು, ಹಕ್ಕಿ ಆಮೇಲೆ ಕಂಡಿತು. ಪೆಡಲ್ ತುಳಿಯುತ್ತಿದ್ದರೆ ನನ್ನ ಉಸಿರಿನ ಸದ್ದಿನಲ್ಲೇ ಅದು ಮುಳುಗಿ ಹೋಗುತ್ತಿತ್ತು.

ನಡೆಯುವಾಗ ಇನ್ನೊಂದು ವಿಷಯ ಗಮನಕ್ಕೆ ಬಂತು. ರಸ್ತೆ ಗುಡ್ಡದ ಮೂಗಿನ ಮೇಲೆ ಹೊರಗೆ ಬಂದಾಗ ಗಾಳಿ ಬೆಚ್ಚಗೆ. ಮತ್ತೆ ಗುಡ್ಡದ ಮಡಿಲಿಗೆ ಹೋದಾಗ ತಣ್ಣಗೆ. ಅಂಥ ಪ್ರತಿ ಮಡಿಲಿನಲ್ಲೂ ಒಂದು ಮೋರಿ. ಮೋರಿಯ ಅಡಿಯಲ್ಲಿ ಒಂದು ತೊರೆ. ನಾವು ಎಣಿಸತೊಡಗಿದೆವು. ಕೆಲವು ಬರೀ ಹನಿ, ಕೆಲವು ಮೊಣಕಾಲು ಆಳ. ನವೆಂಬರ್‌ನ ಈ ಸಣ್ಣ ತೊರೆಗೆ ಇಷ್ಟು ದೊಡ್ಡ ಮೋರಿ ಯಾಕೆ ಅಂತ ಅಳಿಯ ಕೇಳಿದ. ಸಮುದ್ರದಿಂದ ಬರುವ ಮಳೆಗಾಳಿ ಮೊದಲು ತಾಗುವುದು ಈ ಗೋಡೆಗೆ. ಮೇಲೆ ಏರಿ, ತಣ್ಣಗಾಗಿ, ಇಲ್ಲೇ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿ.ಮೀ. ಬಿದ್ದ ದಾಖಲೆ ಇದೆ. ಮನೆಯ ಹತ್ತಿರ ಹೊಳೆ ಒಂದೇ ರಾತ್ರಿಯಲ್ಲಿ ತೋಟಕ್ಕೆ ನುಗ್ಗುವುದು ಹೇಗೆ ಅಂತ ಆ ಮೋರಿಗಳನ್ನು ನೋಡಿದಾಗ ನನಗೆ ಅರ್ಥವಾಯಿತು.

ಇಲ್ಲಿ ಒಂದು ಎಚ್ಚರಿಕೆ. ಮೋರಿಯ ಕಟ್ಟೆ, ಕಲ್ಲಿನ ಸಂದು, ಎಲೆ ರಾಶಿಯ ಮೇಲೆ ನೋಡದೆ ಕೈ ಇಡಬೇಡಿ, ಕೂರಬೇಡಿ. ಇದು ಕಾಳಿಂಗ ಸರ್ಪದ ಸೀಮೆ. ಮಂಗಗಳಿಗೆ ಏನನ್ನೂ ಕೊಡಬೇಡಿ. ಒಬ್ಬರು ಕೊಟ್ಟರೆ ಅವು ಮುಂದಿನ ಸೈಕಲಿನವರ ಚೀಲಕ್ಕೆ ಕೈ ಹಾಕುತ್ತವೆ. ನಮ್ಮ ಬಾಳೆಹಣ್ಣು, ಚಿಕ್ಕಿ ಎಲ್ಲ ಚೀಲದ ಒಳಗೇ ಇತ್ತು. ಕೈಯಲ್ಲಿ ಉಪ್ಪು ಬೆರೆಸಿದ ಪುನರ್ಪುಳಿ ಶರಬತ್ತಿನ ಬಾಟಲಿ ಮಾತ್ರ.

ಹನ್ನೊಂದನೇ ತಿರುವಿನಿಂದ ಮತ್ತೆ ಸೈಕಲ್ ಹತ್ತಿದೆವು. ಕಾಲುಗಳಿಗೆ ವಿರಾಮ ಸಿಕ್ಕಿತ್ತು. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಬಂದಾಗ ಹನ್ನೊಂದು ಗಂಟೆ. ನಿಂತು ಹಿಂದೆ ನೋಡಿದೆವು. ಕಾಡು, ಆಮೇಲೆ ಹೊಗೆಯಂಥ ನೀಲಿ ಬಯಲು. ಆ ನೀಲಿಯಲ್ಲಿ ಎಲ್ಲೋ ನಮ್ಮ ಮನೆ.

ಅಲ್ಲಿಂದ ಸ್ವಲ್ಪ ಮುಂದೆ ರಸ್ತೆ ಸಮ ಆಗುತ್ತದೆ. ಶಿಖರ ಏನೂ ಇಲ್ಲ. ನಾನು ರಸ್ತೆ ಬದಿಯ ಚರಂಡಿಯನ್ನೇ ನೋಡುತ್ತಾ ಹೋದೆ. ಅಷ್ಟು ಹೊತ್ತು ನೀರು ನಮ್ಮ ಎದುರಿನಿಂದ ಇಳಿದು ಬರುತ್ತಿತ್ತು. ಒಂದು ಕಡೆ ಚರಂಡಿ ಒಣಗಿತು. ಸ್ವಲ್ಪ ದೂರ ಬರೀ ಒದ್ದೆ ಮಣ್ಣು. ಆಮೇಲೆ ಮತ್ತೆ ನೀರು ಕಂಡಿತು. ಈಗ ಅದು ನಮ್ಮ ಜೊತೆಗೇ ಮುಂದಕ್ಕೆ ಹೋಗುತ್ತಿತ್ತು. ಸೈಕಲ್ ನಿಲ್ಲಿಸಿ ಅಳಿಯನನ್ನು ಕರೆದು ತೋರಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನ ಊಟ ಮಾಡಿ, ಉಳಿದುಕೊಂಡ ಮನೆಯಲ್ಲಿ ಸೈಕಲ್ ಇಟ್ಟು, ಬರ್ಕಣ ಜಲಪಾತದ ದಾರಿಯಲ್ಲಿ ಜೋಗಿಗುಂಡಿಗೆ ನಡೆದೆವು. ದೂರವೇನಿಲ್ಲ, ಮೂರ್ನಾಲ್ಕು ಕಿಲೋಮೀಟರ್. ಕೊನೆಯ ಕಾಲುದಾರಿಯಲ್ಲಿ ಇಂಬಳ ಕಾದಿರುತ್ತವೆ. ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ, ಮೇಲೆ ಉಪ್ಪುಪುಡಿ ಹಚ್ಚಿಕೊಂಡಿದ್ದೆವು. ಆದರೂ ಅಳಿಯನ ಕಾಲಿಗೆ ಎರಡು ಹತ್ತಿದವು. ಕಲ್ಲಿನ ಗುಹೆಯೊಳಗಿನಿಂದ ನೀರು ಬಂದು ಗುಂಡಿಗೆ ಬೀಳುತ್ತದೆ. ಇದು ಮಲಾಪಹಾರಿ ಹೊಳೆಯ ಹುಟ್ಟು. ಆ ನೀರು ತುಂಗೆಗೆ, ತುಂಗಭದ್ರೆಗೆ, ಕೃಷ್ಣೆಗೆ ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಬರ್ಕಣ. ಅಲ್ಲಿ ನಮ್ಮ ಸೀತಾನದಿ ಸುಮಾರು 260 ಮೀಟರ್ ಕೆಳಗೆ ಬಿದ್ದು ಪಶ್ಚಿಮಕ್ಕೆ ಹೊರಡುತ್ತದೆ. ನೀರು ಹಂಚುವ ಗೆರೆ, ಅಂದರೆ ಪೂರ್ವಕ್ಕೆ ಹೋಗುವ ನೀರೂ ಪಶ್ಚಿಮಕ್ಕೆ ಹೋಗುವ ನೀರೂ ಬೇರೆಯಾಗುವ ಗೆರೆ, ಘಟ್ಟದ ಅಂಚಿನಲ್ಲಿ ನೇರವಾಗಿ ಇರುತ್ತದೆ ಅಂತ ನಾನು ತಿಳಿದಿದ್ದೆ. ಇಲ್ಲಿ ಅದು ಕಾಡಿನೊಳಗೆ ಹಾವಿನಂತೆ ಹರಿದಾಡುತ್ತದೆ. ಬರ್ಕಣಕ್ಕೆ ನಾವು ಹೋಗಲಿಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಈ ಕಾಡಿನೊಳಗೆ ಹೋಗಬಾರದು, ಹೋಗಲೂ ಬೇಡಿ.

ಮರುದಿನ ಬೆಳಿಗ್ಗೆ ಇಳಿದೆವು. ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚು ಎಚ್ಚರ ಬೇಕು. ಒಂದೇ ಬ್ರೇಕ್ ಹಿಡಿದುಕೊಂಡೇ ಇದ್ದರೆ ಚಕ್ರದ ಅಂಚು ಕಾದು ಟ್ಯೂಬ್ ಒಡೆಯಬಹುದು. ಮುಂದಿನದು, ಹಿಂದಿನದು ಒಂದಾದ ಮೇಲೊಂದು ಹಿಡಿದು ಬಿಡುತ್ತಾ, ತಿರುವಿಗೆ ಮೊದಲೇ ವೇಗ ಇಳಿಸುತ್ತಾ ಬಂದೆವು. ಮೂರು ತಿರುವಿಗೊಮ್ಮೆ ನಿಂತು ಚಕ್ರ ಮುಟ್ಟಿ ನೋಡಿದೆವು. ಎಂಟನೇ ತಿರುವಿನಲ್ಲಿ ಅಳಿಯನ ಹಿಂದಿನ ಚಕ್ರ ಮುಟ್ಟಲಾಗದಷ್ಟು ಬಿಸಿ ಇತ್ತು. ಪಕ್ಕದ ಮೋರಿಯ ಹತ್ತಿರ ಕಾಲು ಗಂಟೆ ಕುಳಿತೆವು. ಅವನು ತೊರೆಗೆ ಇಳಿದು ಮುಖ ತೊಳೆದುಕೊಂಡ.

"ಮಾಮ, ಈ ನೀರು ಮನೆಗೆ ಬರುವ ಮೊದಲು ನಾವು ಮುಟ್ಟುತ್ತೇವಾ?" ಅಂದ.

ಮಧ್ಯಾಹ್ನ ಎರಡಕ್ಕೆ ಮನೆ ಸೇರಿದೆವು. ಸಂಜೆ ಹೊಳೆಯ ದಂಡೆಯಲ್ಲೇ ಕುಳಿತು ಚೈನ್ ಒರೆಸಿ ಎಣ್ಣೆ ಹಾಕಿದೆವು. ಇಳಿತದ ಹೊತ್ತು, ನೀರು ಕಡಲಿನ ಕಡೆಗೆ ಹೋಗುತ್ತಿತ್ತು. ಅಳಿಯನ ಸೈಕಲ್ಲಿನ ಹಿಂದಿನ ಬ್ರೇಕ್ ರಬ್ಬರ್ ಅರ್ಧ ಸವೆದಿತ್ತು. ಹೊಸದು ತಂದಿದ್ದೇನೆ, ಈ ಭಾನುವಾರ ಹಾಕಬೇಕು.